ಖಂಡೇಪೂಜೆಗೆ ಬಿಚ್ಚಿದ ಕಂಪ್ಯೂಟರು

ಯಂತ್ರಗಳನ್ನು ಮುಂದಿನಿಂದ ನೋಡಿದರೆ ನನಗೆ ಹೆದರಿಕೆಯಾಗುವುದಿಲ್ಲ. ಮುಂದೆ ಅವೂ ನಮ್ಮ ನಿಮ್ಮ ಹಾಗೆ ಒಂದು ಮುಖ ಇಟ್ಟುಕೊಂಡಿರುತ್ತವೆ. ಒಂದು ಗುಂಡಿ, ಒಂದು ದೀಪ, ನಡುವೆ ಒಂದು ಹೆಸರು. ಹೆದರಿಕೆ ಇರುವುದು ಬೆನ್ನ ಕಡೆ. ಟಿವಿಯ ಹಿಂದೆ, ಫ್ರಿಜ್ಜಿನ ಹಿಂದೆ ನಾನು ಬೇಕೆಂದು ಹೋದವನಲ್ಲ. ಹಾಗಂತ ನನ್ನನ್ನು ಪುಕ್ಕಲ ಎಂದು ತಿಳಿಯಬೇಡಿ. ನಮ್ಮ ಪಕ್ಕದೂರು ತುರೋರಿಯ ಹೆದ್ದಾರಿಯನ್ನು, ಎರಡೂ ಕಡೆಯಿಂದ ಲಾರಿ ಬರುತ್ತಿರುವಾಗ, ಎರಡೂ ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದು ದಾಟಿದವನು ನಾನು. ಹೊಲದಲ್ಲಿ ಹಾವು ಕಂಡರೆ ಬೇರೆಯವರನ್ನು ಕೂಗುವಷ್ಟು ದನಿ ನನ್ನಲ್ಲಿ ಉಳಿದಿರುತ್ತದೆ. ಆದರೆ ಕಂಪ್ಯೂಟರಿನ ಬೆನ್ನನ್ನು ಮೊದಲ ಸಲ ನೋಡಿದ ದಿನ ಆ ದನಿಯೂ ಹೊರಡಲಿಲ್ಲ. ಒಂದು ತಗಡಿನ ಡಬ್ಬಿಗೆ ಅಷ್ಟೊಂದು ತೂತು ಯಾತಕ್ಕೆ ಬೇಕು? ಉದ್ದನೆಯವು, ದುಂಡನೆಯವು, ಚಪ್ಪಟೆಯವು, ಹಲ್ಲಿದ್ದವು, ಹಲ್ಲಿಲ್ಲದವು. ಯಾವ ಬಾಯಿಗೆ ಏನು ತಿನ್ನಿಸಬೇಕೆಂದು ತಿಳಿಯದೆ ಬೇರೆಯವರ ಕೂಸುಗಳ ನಡುವೆ ಸಿಕ್ಕಿಬಿದ್ದ ಹಾಗಾಗಿತ್ತು.

ಇಷ್ಟಕ್ಕೂ ಆ ಬೆನ್ನಿನ ಹತ್ತಿರ ನಾನೇಕೆ ಹೋದೆ ಎಂದರೆ, ಅದಕ್ಕೆ ನಮ್ಮ ಅಜ್ಜ ಕಾರಣ. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು, ಆದರೂ ತಪ್ಪನ್ನು ಅವರ ಮೇಲೆ ಹಾಕುವುದೇ ನನಗೆ ಅನುಕೂಲ. ಮಹಾರಾಷ್ಟ್ರದ ಗಡಿಯ ಉಮರ್ಗಾದಲ್ಲಿ ನಮ್ಮದು ಅಜ್ಜನ ಕಾಲದ ಕಿರಾಣಿ ಅಂಗಡಿ. ನಾನು ಓದಿದ್ದೆಲ್ಲ ಮರಾಠಿ ಸಾಲೆಯಲ್ಲಿ. ಕನ್ನಡ ಸಿಕ್ಕಿದ್ದು ಅಜ್ಜನ ಗಾದಿಯ ಪಕ್ಕ ಕುಳಿತು, ಅಜ್ಜಿ ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು. ಅಕ್ಷರ ಆಮೇಲೆ ಕಲಿತೆ, ಮಾತು ಮೊದಲೇ ಬಂದಿತ್ತು. ಆ ಮಾತಿನ ಜೊತೆಗೆ ಅಜ್ಜನ ಕಾಯಿದೆಗಳೂ ಬಂದವು. ಅವುಗಳಲ್ಲಿ ದೊಡ್ಡದು ಖಂಡೇಪೂಜೆಯದು. ದಸರೆಯ ಹಿಂದಿನ ದಿನ ಎಲ್ಲರೂ ತಮ್ಮ ತಮ್ಮ ಆಯುಧಗಳಿಗೆ, ಹತ್ಯಾರಗಳಿಗೆ ಹೂವೇರಿಸಿ ಕೈಮುಗಿಯುತ್ತಾರೆ. ನಮ್ಮ ಮನೆಯಲ್ಲಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ತಕ್ಕಡಿಯನ್ನು ಪೂರ್ತಿ ಬಿಚ್ಚಬೇಕು. ಸರಪಳಿ ಬೇರೆ, ತಟ್ಟೆ ಬೇರೆ, ಮುಳ್ಳು ಬೇರೆ. ಒಂದೊಂದನ್ನೂ ತಿಕ್ಕಿ, ಒರೆಸಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟು, ಒಂದೊಂದಕ್ಕೂ ವಿಭೂತಿ ಹಚ್ಚಬೇಕು. "ನೀ ಝಳಕ ಮಾಡಿ ದೇವರ ಮುಂದ ಕುಂದರತಿ, ತಕ್ಕಡಿ ಯಾಕ ಹೊಲಸ ಮೈಲೆ ಕುಂದರಬೇಕು?" ಎಂದು ಅಜ್ಜ ಕೇಳುತ್ತಿದ್ದರು. ಅವರ ನಂತರ ಹೊಲಿಗೆ ಯಂತ್ರ, ಸೈಕಲ್ಲು, ಮಿಕ್ಸರು, ಎಲ್ಲವನ್ನೂ ನಾನು ಇದೇ ಕಾಯಿದೆಯಂತೆ ಬಿಚ್ಚಿದ್ದೇನೆ. ಮಿಕ್ಸರು ಆಮೇಲೆ ಸ್ವಲ್ಪ ಬೇರೆ ದನಿಯಲ್ಲಿ ಕೂಗುತ್ತಿತ್ತು. ಅದು ಭಕ್ತಿಯಿಂದ ಎಂದು ನಾವು ತಿಳಿದುಕೊಂಡೆವು.

ಕಂಪ್ಯೂಟರು ನನ್ನದಲ್ಲ, ನನ್ನ ತಮ್ಮ ರಾಜುನ ಹೆಂಡತಿ ಸುವರ್ಣಾಳದು. ರಾಜು ಉದಗೀರದಿಂದ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದ. ಅದರ ಮೇಲೆ ಅವಳು ಲಗ್ನಪತ್ರಿಕೆ, ಕೂಸಿಗೆ ಹೆಸರಿಡುವ ಬಾರಸೆಯ ಕಾರ್ಡು ಮುಂತಾದವನ್ನು ಮಾಡುತ್ತಾಳೆ. ನಮ್ಮ ಕಡೆ ಹೆಣ್ಣಿನವರು ಒಂದು ಭಾಷೆ, ಗಂಡಿನವರು ಇನ್ನೊಂದು ಭಾಷೆ ಆಗಿರುವುದು ದಿನದ ಮಾತು. ಪತ್ರಿಕೆಯ ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ ಬೇಕಾಗುತ್ತದೆ. ಊರಿನ ಪ್ರೆಸ್ಸುಗಳಲ್ಲಿ ಕನ್ನಡ ಅಕ್ಷರ ಕೂಡಿಸುವವರಿಲ್ಲ, ಇವಳಿಗೆ ಬರುತ್ತದೆ. ಆದರೂ ಆ ಯಂತ್ರಕ್ಕೆ ಮನೆಯಲ್ಲಿ ಜಾಗ ಸಿಕ್ಕಿದ್ದು ಸುಲಭವಾಗಿ ಅಲ್ಲ. ನಡುಮನೆಯ ಪಕ್ಕದ ಖೋಲಿ ತೊಗರಿಬೇಳೆ ಚೀಲಗಳದು. ಅವ್ವ ಅದನ್ನು ದಸರೆಯ ತನಕ ಮಾತ್ರ ಬಿಟ್ಟುಕೊಟ್ಟಿದ್ದಳು. ಅಷ್ಟರಲ್ಲಿ ಹೇಳಿಕೊಳ್ಳುವಂಥ ಕೆಲಸ ಬಂದರೆ ಸರಿ, ಇಲ್ಲದಿದ್ದರೆ ಚೀಲಗಳು ವಾಪಸು. ಸುವರ್ಣಾಳ ಅದೃಷ್ಟಕ್ಕೆ ಗುಂಜೋಟಿಯ ದೊಡ್ಡ ರೈತ ಕುಟುಂಬವೊಂದು ಮಗಳ ಮದುವೆಯ ಪತ್ರಿಕೆಯನ್ನು ಅವಳಿಗೇ ಒಪ್ಪಿಸಿತು. ದಸರೆಯ ಮುಂಜಾನೆ ಬಂದು ಮೊದಲ ಪತ್ರಿಕೆ ಒಯ್ದು ದೇವರ ಮುಂದೆ ಇಡುತ್ತೇವೆ ಎಂದಿದ್ದರು. ಪತ್ರಿಕೆ ತಯಾರಾಗಿ ಕಂಪ್ಯೂಟರಿನೊಳಗೆ ಕುಳಿತಿತ್ತು. ಹೊರಗೆ ಬರುವುದಷ್ಟೇ ಬಾಕಿ.

ಇಲ್ಲಿ ನಮ್ಮ ಮನೆಯ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಗಂಡನ ಅಣ್ಣನ ಜೊತೆ, ಅಂದರೆ ಭಾವನ ಜೊತೆ, ಸೊಸೆಯಾದವಳು ನೇರವಾಗಿ ಮಾತನಾಡುವುದಿಲ್ಲ. ಎದುರಿಗೆ ಬಂದರೆ ಸೆರಗು ತಲೆಯ ಮೇಲೆ ಹೋಗುತ್ತದೆ. ಮಾತು ಅವ್ವನ ಮೂಲಕ ಬರುತ್ತದೆ. ನಾನು ಕೈಯಳತೆಯಲ್ಲಿ ಊಟಕ್ಕೆ ಕುಳಿತಿದ್ದರೂ, "ಅತ್ತಿ, ಭಾವಾರಿಗಿ ಇನ್ನೊಂದು ರೊಟ್ಟಿ ಹಾಕ್ಲೇನು ಕೇಳ್ರಿ" ಎನ್ನುತ್ತಾಳೆ. ಅವ್ವ ನನ್ನ ಕಡೆ ತಿರುಗಿ, "ಇನ್ನೊಂದು ರೊಟ್ಟಿ ಹಾಕ್ಲೇನು ಅಂತಾಳಪ್ಪ" ಎನ್ನುತ್ತಾಳೆ. ನಾನು "ಅರ್ಧ ಸಾಕಂತ ಹೇಳು" ಎಂದರೆ ಅವ್ವ ಅತ್ತ ತಿರುಗಿ, "ಎರಡು ಹಾಕು, ಸೊರಗ್ಯಾನ" ಎನ್ನುತ್ತಾಳೆ. ನಡುವೆ ಇರುವವರಿಗೆ ಇಷ್ಟಾದರೂ ಅಧಿಕಾರ ಬೇಡವೇ? ಈ ಏರ್ಪಾಟು ನನಗೆ ಒಳಗೊಳಗೇ ಬಹಳ ಹಿಡಿಸಿತ್ತು. ಅಂಗಡಿಯಲ್ಲಿ ಗಿರಾಕಿಗಳು, ಮನೆಯಲ್ಲಿ ನನ್ನ ಹೆಂಡತಿ ಶಾಂತಾ, ಎಲ್ಲರೂ ನನಗೆ ನೇರವಾಗಿಯೇ ಹೇಳುತ್ತಾರೆ. ಒಬ್ಬಳಾದರೂ ನನ್ನ ಮುಂದೆ ಬಾಯಿ ಬಿಡುವುದಿಲ್ಲ ಎಂದರೆ ಮನುಷ್ಯನಿಗೆ ತೂಕ ಬರುತ್ತದೆ.

ಹಬ್ಬಕ್ಕೆ ರಾಜು ಮತ್ತು ಸುವರ್ಣಾ ಅವಳ ತವರುಮನೆ ನಿಲಂಗಾಕ್ಕೆ ಹೋದರು. ದಸರೆಯ ಮುಂಜಾನೆ ಮೊದಲ ಬಸ್ಸಿಗೆ ವಾಪಸು ಬರುವುದೆಂದು ಮಾತಾಗಿತ್ತು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಅವ್ವನಿಗೆ, "ಕಂಪ್ಯೂಟರಿಗೂ ಪೂಜಿ ಆಗ್ಲಿ ಅಂತ ಭಾವಾರಿಗಿ ಹೇಳ್ರಿ. ಮ್ಯಾಲ ಒಂದು ಹೂವು ಇಟ್ರ ಸಾಕು" ಎಂದು ಹೇಳಿದ್ದಳಂತೆ. ಅವ್ವ ನನಗೆ ಮುಟ್ಟಿಸಿದ್ದು ಮೊದಲಿನ ಅರ್ಧವನ್ನು ಮಾತ್ರ. ಆಮೇಲೆ ಕೇಳಿದರೆ, "ಪೂಜಿ ಅಂದಮ್ಯಾಲ ಹೂವು ಇದ್ದೇ ಇರ್ತದಲ್ಲೋ, ಅದನೇನು ಬ್ಯಾರೆ ಹೇಳೂದು?" ಎಂದಳು.

ಖಂಡೇಪೂಜೆಯ ಮುಂಜಾನೆ ನಾನು ಅಜ್ಜನ ಕಾಯಿದೆಗೆ ತಲೆಬಾಗಿ ಕೆಲಸ ಶುರು ಮಾಡಿದೆ. ಮುಖ್ಯ ವೈರನ್ನು ಗೋಡೆಯಿಂದ ಕಿತ್ತೆ. ಅಷ್ಟು ಬುದ್ಧಿ ನನಗಿತ್ತು. ಆಮೇಲೆ ಡಬ್ಬಿಯನ್ನು ತಿರುಗಿಸಿ ಬೆನ್ನು ನೋಡಿದೆ, ಮೇಲೆ ಹೇಳಿದ ಹಾಗೆ ದನಿ ಹೋಯಿತು. ಆದರೆ ಅವ್ವ ಬಿಳಿ ಬಟ್ಟೆ ಹಾಸಿ, ವಿಭೂತಿ ಬಟ್ಟಲು ಹಿಡಿದು ಕುಳಿತಾಗಿತ್ತು. ಹಿಂದಕ್ಕೆ ಹೋಗುವ ಹಾಗಿರಲಿಲ್ಲ. ಒಂದೊಂದೇ ವೈರು ಎಳೆದೆ. ಪಕ್ಕದ ತಗಡು ತೆಗೆದೆ. ಒಳಗೆ ವರ್ಷಗಳ ಧೂಳು ಹತ್ತಿಯ ಹಾಗೆ ಕೂತಿತ್ತು. ಒಂದು ಪುಟ್ಟ ಫ್ಯಾನು, ಅದರ ಕೆಳಗೆ ಬಾಚಣಿಗೆಯಂಥ ತಗಡು, ಪಕ್ಕದಲ್ಲಿ ನಿಂತ ಒಂದು ಹಸಿರು ಪಟ್ಟಿ. ಪಟ್ಟಿಯ ಎರಡೂ ತುದಿಯ ಕೊಕ್ಕೆ ಒತ್ತಿದೊಡನೆ ಅದು ತಾನಾಗಿಯೇ ಎದ್ದು ಕೈಗೆ ಬಂತು. ಅದರ ಅಂಚಿನಲ್ಲಿ ಸಾಲಾಗಿ ಹಳದಿ ಹಲ್ಲುಗಳು. "ಹಿತ್ತಾಳಿ ಕಾಣಸ್ತದ, ಹುಣಚಿಹಣ್ಣು ತರ್ಲೇನು?" ಎಂದಳು ಅವ್ವ. ಯಾವ ಪುಣ್ಯವೋ, ಬೇಡ ಎಂದೆ, ಪಂಚೆಯಲ್ಲಿ ಒರೆಸಿದೆ. ಬೆನ್ನಿನ ಮೇಲೆ, ಮುಖ್ಯ ವೈರಿನ ತೂತಿನ ಪಕ್ಕ, ಒಂದು ಸಣ್ಣ ಕೆಂಪು ಗುಂಡಿ ಇತ್ತು. ಅದರ ಸಂದಿಯಲ್ಲಿ ಹೊಲಸು. ಕಡ್ಡಿಯಿಂದ ತಳ್ಳಿದೆ, ಗುಂಡಿ ಅತ್ತ ಸರಿಯಿತು. ಆ ಕಡೆ ಬೇರೊಂದು ಅಂಕಿ ಹೊಳೆಹೊಳೆಯುತ್ತ ಬಂತು. ಹಳೆಯ ಅಂಕಿಗಿಂತ ಇದು ಚೊಕ್ಕಟವಾಗಿದೆ ಎಂದು ಹಾಗೆಯೇ ಬಿಟ್ಟೆ.

ಪೂಜೆ ಚೆನ್ನಾಗಿಯೇ ಆಯಿತು. ಮಂಗಳಾರತಿ ಮುಗಿದು ಬಟ್ಟೆಯ ಕಡೆ ನೋಡಿದೆ. ವೈರುಗಳು ಒಂದರ ಮೇಲೊಂದು ಹೆಣೆದುಕೊಂಡು ಬಿದ್ದಿದ್ದವು. ತಕ್ಕಡಿಯ ಯಾವ ಭಾಗವನ್ನು ತೋರಿಸಿದರೂ ಅಜ್ಜ ಕೊಟ್ಟ ಹೆಸರು ನನಗೆ ಗೊತ್ತು, ಅದರ ಜಾಗವೂ ಗೊತ್ತು. ಇವುಗಳಲ್ಲಿ ಒಂದರ ಹೆಸರೂ ಗೊತ್ತಿರಲಿಲ್ಲ. ಮರುದಿನ ಗುಂಜೋಟಿಯವರು ಅಂಗಳದಲ್ಲಿ ನಿಂತಿರುವುದು, ಸುವರ್ಣಾ ಖಾಲಿ ಪರದೆಯ ಮುಂದೆ ಕುಳಿತಿರುವುದು, ಹಿಂದೆ ಬೇಳೆ ಚೀಲಗಳು ಖೋಲಿಯೊಳಗೆ ಬರುತ್ತಿರುವುದು, ಎಲ್ಲ ಕಣ್ಣಿಗೆ ಕಟ್ಟಿತು.

ಶಾಂತಾ ಬಾಗಿಲಲ್ಲಿ ನಿಂತು ನೋಡಿದಳು. "ನಿಮ್ಮ ಅಜ್ಜಾರು ಬಿಚ್ಚೂದು ಕಲಿಸ್ಯಾರ, ಕೂಡಸೂದು ಕಲಿಸಿಲ್ಲೇನ್ರಿ?"

"ನೀ ಸುಮ್ಮನಿರು. ವಿಚಾರ ಮಾಡ್ಲಿಕತ್ತೀನಿ."

"ಮಾಡ್ರಿ. ಆ ಹುಡುಗಿ ನಾಳಿ ಮುಂಜಾನಿ ಬರ್ತಾಳ. ಅಲ್ಲೀತನಾ ವಿಚಾರ ಮಾಡ್ರಿ" ಎಂದು ಹೋಳಿಗೆಯ ಕಣಕ ನಾದಲು ಹೋದಳು.

ನಾನು ಬೇಡ ಬೇಡ ಎನ್ನುತ್ತಿದ್ದ ಹಾಗೆಯೇ ಅವ್ವ ಫೋನು ತೆಗೆದು ವಿಡಿಯೋ ಹಚ್ಚಿದಳು. ಪರದೆಯಲ್ಲಿ ಸುವರ್ಣಾ ಬಂದಳು. "ಸುವರ್ಣಾ, ಗಾಬರಿ ಆಗಬ್ಯಾಡವಾ. ನಿನ್ನ ಭಾವ ಕಂಪ್ಯೂಟರ್ ಬಿಚ್ಯಾನ" ಎಂದಳು ಅವ್ವ. ಕೆಟ್ಟ ಸುದ್ದಿಯನ್ನು ಮೆಲ್ಲಗೆ ಹೇಳುವುದು ಎಂದರೆ ಅವ್ವನ ಪ್ರಕಾರ ಇಷ್ಟೆ.

ಅತ್ತ ಕಡೆ ಸೆರಗು ತಲೆಗೇರಿತು. ಆಮೇಲೆ ಸಣ್ಣ ದನಿಯಲ್ಲಿ, "ಎಷ್ಟು ಬಿಚ್ಯಾರ ಕೇಳ್ರಿ ಅತ್ತಿ" ಎಂದಳು.

"ಎಷ್ಟು ಬಿಚ್ಚಿದ್ದಿ ಅಂತ."

"ಬಿಚ್ಚಲಿಕ್ಕಿ ಬರೂ ಅಷ್ಟು ಅಂತ ಹೇಳು."

"ಎಲ್ಲಾ ಅಂತ" ಎಂದಳು ಅವ್ವ.

"ಹಸಿರು ಪಟ್ಟಿ ಹೊರಗ ಬಂದದೇನು ಕೇಳ್ರಿ. ಅದು ಕಂಪ್ಯೂಟರಿನ ನೆನಪು."

"ಅವ್ವಾ, ನೆನಪು ನಾ ಪಂಚೀಲೆ ಒರಸೀನಿ. ತಿಕ್ಕಿ ತಿಕ್ಕಿ ಒರಸೀನಿ." ಗುಂಜೋಟಿಯ ಮದುಮಗಳ ಹೆಸರು, ಮುಹೂರ್ತ, ಸೋದರಮಾವಂದಿರ ಸಾಲು, ಎಲ್ಲ ನನ್ನ ಪಂಚೆಯ ಚುಂಗಿಗೆ ಹತ್ತಿಕೊಂಡಂತೆ ನಾನು ಅದನ್ನು ಬಿಡಿಸಿ ನೋಡಿದೆ.

ಸೆರಗಿನೊಳಗಿಂದ ಕೆಮ್ಮೋ ನಗೆಯೋ ಏನೋ ಬಂತು. "ಪತ್ರಿಕಿ ಅದ್ರಾಗ ಇರೂದಿಲ್ಲ ಅಂತ ಹೇಳ್ರಿ. ಕೆಲಸ ಮಾಡೂ ಹೊತ್ತಿಗಿ ಇರೂ ನೆನಪು ಅದು. ಪತ್ರಿಕಿ ಕಬ್ಬಿಣದ ಚೌಕ ಡಬ್ಬಿಯಾಗ ಅದ. ಅದಕ್ಕ ಏನು ಮಾಡ್ಯಾರ ಕೇಳ್ರಿ."

ಅದಕ್ಕೆ ವಿಭೂತಿ ಹಚ್ಚಿದ್ದೆನಷ್ಟೆ. ಬಿಚ್ಚಲು ನನ್ನ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಅಷ್ಟಕ್ಕೆ ಉಳಿಯಿತು.

ಪಟ್ಟಿಯನ್ನು ಮರಳಿ ಕೂಡಿಸಿ ತಗಡು ಮುಚ್ಚಿದ್ದಾಯಿತು. ಆಮೇಲೆ ಬೆನ್ನಿನ ಯಾತ್ರೆ. ಅವ್ವ ಫೋನು ಹಿಡಿದು ನಡುವೆ ನಿಂತಳು. ನೀಲಿ ಬಾಯಿಯ, ಎರಡು ಕಡೆ ತಿರುಪು ಇರುವ ವೈರು ಪರದೆಯದು. ಚಪ್ಪಟೆ ಬಾಯಿ ಪ್ರಿಂಟರಿನದು. ಚಿಟಿಕೆ ಹೊಡೆದ ಹಾಗೆ ಟಕ್ಕೆಂದು ಕೂರುವುದು ಇಂಟರ್‌ನೆಟ್ಟಿನದು. ನೇರಳೆ ಬಣ್ಣದ ದುಂಡು ಬಾಯಿ ಕೀಬೋರ್ಡಿನದು, ಹಸಿರು ಮೌಸಿನದು. ಆದರೆ ಹಸಿರು ಎರಡಿದ್ದವು. "ಹಸರು ಅಂದ್ರ ಹಸರು, ಯಾವುದರ ಒಂದ್ರಾಗ ಹಾಕು" ಎಂದು ಅವ್ವ ತೀರ್ಪು ಕೊಟ್ಟಳು. ಸುವರ್ಣಾ, "ದೊಡ್ಡ ದುಂಡನದು ಮೌಸಿಂದು, ಮೂಗಬಟ್ಟಿನಷ್ಟು ಸಣ್ಣದು ಸ್ಪೀಕರಿಂದು ಅಂತ ಹೇಳ್ರಿ ಅತ್ತಿ" ಎಂದು ಬಿಡಿಸಿದಳು. ಪ್ರತಿ ವೈರನ್ನೂ ನಾನು ಚೇಳಿನ ಕೊಂಡಿ ಹಿಡಿದ ಹಾಗೆ ಹಿಡಿದು ತುರುಕಿದೆ. ಕೊನೆಗೆ ಮುಖ್ಯ ವೈರು ಹಚ್ಚಿ, ಗೋಡೆಯ ಬಟನ್ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದೆ. ಅವ್ವ ತನ್ನ ಮಗನ ಕೆಲಸ ಎಷ್ಟು ಚೆಂದಾಗಿದೆ ಎಂದು ತೋರಿಸಲು ಫೋನನ್ನು ಬೆನ್ನಿನ ಹತ್ತಿರ ಒಯ್ದಳು.

"ಭಾವಾರಿ, ಕೈ ತಗೀರಿ."

ದನಿ ಎಲ್ಲಿಂದ ಬಂತೆಂದು ಮೊದಲು ತಿಳಿಯಲಿಲ್ಲ. ಅವ್ವ ಅದನ್ನು ನನಗೆ ಮುಟ್ಟಿಸಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಮುಟ್ಟಿಸಲು ಏನೂ ಉಳಿದಿರಲಿಲ್ಲ. ನಾನು ಕೈ ತೆಗೆದೆ.

"ಆ ಕೆಂಪು ಗುಂಡಿ ಯಾರು ಸರಸ್ಯಾರ್ರಿ?" ಸೆರಗು ಹೆಗಲಿಗೆ ಜಾರಿತ್ತು, ಮುಖ ಬಿಳುಪೇರಿತ್ತು.

"ನಾನ" ಎಂದೆ. ಅವಳಿಗೆ ನಾನು ನೇರವಾಗಿ ಆಡಿದ ಮೊದಲ ಮಾತು ಅದು. "ಅದರ ಸಂದ್ಯಾಗ ಹೊಲಸಿತ್ತು."

"ಅದು ನೂರಾ ಹದಿನೈದರ ಮ್ಯಾಲ ಬಂದದ. ನಮ್ಮ ಕರೆಂಟು ಎರಡ್ನೂರಾ ಮೂವತ್ತು. ಬಟನ್ ಹಚ್ಚಿದ್ರ ಒಳಗ ಢಂ ಅಂತಿತ್ತು. ವೈರ್ ತಗೀರಿ. ಕೆಂಪಂದು ಮೊದಲಿನ ಕಡೀಗಿ ಸರಸ್ರಿ. ಸರಸಿ ನನಗ ತೋರಸ್ರಿ."

ತೆಗೆದೆ, ಸರಿಸಿದೆ, ತೋರಿಸಿದೆ. ಬಟನ್ ಹಚ್ಚಿದರೆ ಯಂತ್ರ ಬೀಪ್ ಬೀಪ್ ಎಂದು ಅಳತೊಡಗಿತು. ನಾನೂ ಅಳುವುದರಲ್ಲಿದ್ದೆ. "ನೆನಪಿನ ಪಟ್ಟಿ ಸಡಲ ಕುಂತದ. ಮತ್ತ ವೈರ್ ತಗದು ಗಟ್ಟಿ ಒತ್ರಿ ಭಾವಾರಿ, ಎರಡೂ ಕಡೆ ಟಕ್ ಅನ್ಬೇಕು. ಅಂಜಬ್ಯಾಡ್ರಿ, ಮುರಿಯೂದಿಲ್ಲ." ವೈರು ಕಿತ್ತು, ತಗಡು ತೆಗೆದು ಒತ್ತಿದೆ. ಟಕ್ ಎಂದಿತು. ಮತ್ತೆ ವೈರು, ಬಟನ್ ಹಚ್ಚಿದರೆ ಪರದೆ ಬೆಳಗಿತು. ಅವಳು ಹೇಳಿದ ಕಡೆ ಮೌಸು ಒಯ್ದು ಒತ್ತಿದರೆ ಪತ್ರಿಕೆ ತೆರೆದುಕೊಂಡಿತು, ಒಂದು ಮಗ್ಗುಲು ಮರಾಠಿ, ಇನ್ನೊಂದು ಮಗ್ಗುಲು ಕನ್ನಡ, ಸೋದರಮಾವಂದಿರೆಲ್ಲ ತಮ್ಮ ತಮ್ಮ ಜಾಗದಲ್ಲಿ. ಬಟ್ಟಲಲ್ಲಿ ಉಳಿದ ವಿಭೂತಿಯನ್ನು ನಾನು ನನ್ನ ಹಣೆಗೇ ಹಚ್ಚಿಕೊಂಡೆ.

ಮರುದಿನ ಮೊದಲ ಬಸ್ಸಿಗೆ ಬಂದ ಸುವರ್ಣಾ ಪ್ರಿಂಟು ತೆಗೆದ ಪತ್ರಿಕೆಯನ್ನು ಗುಂಜೋಟಿಯವರು ನೋಡಿ ಖುಷಿಯಿಂದ ಒಯ್ದರು. ಬೇಳೆ ಚೀಲಗಳು ಅಂಗಡಿಯಲ್ಲೇ ಉಳಿದವು. ಸಂಜೆ ಬನ್ನಿ ಕೊಡಲು ಸುವರ್ಣಾ ಬಂದಳು. ಎಲೆ ನನ್ನ ಕೈಯಲ್ಲಿಟ್ಟು ಕಾಲಿಗೆ ಬಿದ್ದಳು. ನಾನು ಪದ್ಧತಿಯಂತೆ ಅವ್ವನ ಕಡೆ ನೋಡಿ, "ಛಲೋ ಆಗಲಿ ಅಂತ ಹೇಳು" ಎಂದೆ. ಅವ್ವ, "ನೀನ ಹೇಳ್ಕೊ. ನಿನ್ನೆ ನನ್ನ ಕೇಳಿ ಮಾತಾಡಿದ್ರೇನು?" ಎಂದು ಮುಖ ತಿರುಗಿಸಿದಳು. ತನ್ನ ಅಧಿಕಾರ ಹೋದದ್ದರ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ.

ಆದರೆ ಬಾಯಿ ಒಮ್ಮೆ ತೆರೆದ ಮೇಲೆ ಸುವರ್ಣಾಳಿಗೆ ಮುಚ್ಚುವ ಕಾರಣ ಕಾಣಲಿಲ್ಲ. "ಭಾವಾರಿ, ಇನ್ನೊಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ" ಎಂದು ಅಲ್ಲಿಯೇ ಶುರುವಾಯಿತು. ಆ ಒಂದು ಮಾತು ಇನ್ನೂ ಮುಗಿದಿಲ್ಲ. ಊಟಕ್ಕೆ ಕುಳಿತಾಗ ನಾನು ಫೋನಿನಲ್ಲಿ ಚೀರಿ ಮಾತನಾಡುವುದು, ಒದ್ದೆ ಟವಲು ಅವಳ ಪ್ರಿಂಟರಿನ ಮೇಲೆ ಹಾಕುವುದು, ಅರ್ಧ ರೊಟ್ಟಿ ಬಿಡುವುದು, ಎಲ್ಲ ಅವಳಿಗೆ ಕ್ರಮವಾಗಿ ನೆನಪಿದೆ. ಇಷ್ಟು ಕಾಲ ಆ ಸೆರಗಿನೊಳಗೆ ಅವಳು ನನಗೆ ಅಂಜಿಕೊಂಡು ಸುಮ್ಮನಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ಕೂಡಿಡುತ್ತಿದ್ದಳು. ಸಾಲದೆಂಬಂತೆ ಈಗ ವಾರಕ್ಕೊಮ್ಮೆ ನನ್ನನ್ನು ಕಂಪ್ಯೂಟರಿನ ಬೆನ್ನಿನ ಮುಂದೆ ಕೂರಿಸಿ, "ಇದ್ಯಾವುದು ಹೇಳ್ರಿ ಭಾವಾರಿ, ಇದು?" ಎಂದು ಕೇಳುತ್ತಾಳೆ. ಎಲ್ಲ ತೂತುಗಳೂ ನನಗೀಗ ಗುರುತು ಹತ್ತಿವೆ, ಅವುಗಳ ಹೆದರಿಕೆ ಪೂರ್ತಿ ಹೋಗಿದೆ. ಆದರೆ ಹಿಂದಿನಿಂದ ಅವಳ ಬಳೆಯ ಸದ್ದು ಕೇಳಿತೆಂದರೆ ಮೌಸಿನದು ಯಾವುದು, ಸ್ಪೀಕರಿನದು ಯಾವುದು ಎಲ್ಲ ಮರೆತು, ಹೆಗಲ ಮೇಲಿನ ಟವಲನ್ನು ತಲೆಯ ಮೇಲೆ ಎಳೆದುಕೊಳ್ಳುತ್ತೇನೆ.