ಎದ್ದು ನಿಂತು ಒಂದು ನಿಮಿಷ

ಸಿನಿಮಾದ ಕಡೆಯ ಹತ್ತು ನಿಮಿಷದ ಬಗ್ಗೆ ತೀರ್ಪು ಕೊಡಲು ಕಡಬ ತಾಲೂಕಿನಲ್ಲಿ ನನಗಿಂತ ಅರ್ಹರು ಇನ್ನೊಬ್ಬರಿಲ್ಲ. ವೃತ್ತಿಯಿಂದ ನಾನು ಪೈಪು, ಮೊಳೆ, ಬಣ್ಣ ಮಾರುವವನು. ಆದರೆ ಪ್ರತಿ ಸೋಮವಾರ ಅಂಗಡಿಯ ಎದುರಿನ ಕರಿಹಲಗೆಯಲ್ಲಿ, ನಾನು ನೋಡಿದ ಯಾವುದಾದರೊಂದು ವಿಚಿತ್ರ ಸಿನಿಮಾದ ಅಂತ್ಯದ ಬಗ್ಗೆ ಎರಡು ಸಾಲು ಬರೆಯುತ್ತೇನೆ. ಅದನ್ನು ಓದಲೆಂದೇ ಜೀಪಿನವರು ವೇಗ ತಗ್ಗಿಸುತ್ತಾರೆ. ರಸ್ತೆಯಲ್ಲಿ ಹೊಂಡ ಇರುವುದರಿಂದ ತಗ್ಗಿಸುತ್ತಾರೆ ಎಂಬುದು ನನ್ನ ಹೆಂಡತಿ ಸುಮತಿಯ ಅಭಿಪ್ರಾಯ.

ಒಂದು ಸಿನಿಮಾದ ಕೊನೆಗೆ ನಾಯಕ ಮರವಾಗಿಬಿಟ್ಟ. 'ಯಾವ ಮರ ಎಂದು ಹೇಳಲಿಲ್ಲ. ರಬ್ಬರ್ ಆಗಿದ್ದರೆ ಟ್ಯಾಪಿಂಗ್ ಮಾಡಿ ಹಾಲಾದರೂ ತೆಗೆಯಬಹುದಿತ್ತು' ಎಂದು ಬರೆದೆ. ಇನ್ನೊಂದರಲ್ಲಿ ಮುದುಕಿಯೊಬ್ಬಳು ನಾಲ್ಕು ನಿಮಿಷ ಕಿರ್ರೆನ್ನುವ ಬಾಗಿಲು ತೆರೆಯುತ್ತಾಳೆ, ಅಲ್ಲಿಗೆ ಮುಗಿಯಿತು. 'ಬಿಜಾಗರಿಗೆ ಎಣ್ಣೆ ಬಿಟ್ಟಿದ್ದರೆ ಈ ಸಿನಿಮಾವೇ ಇರುತ್ತಿರಲಿಲ್ಲ. ಎಣ್ಣೆ ನಮ್ಮಲ್ಲಿ ಸಿಗುತ್ತದೆ' ಎಂದು ಬರೆದೆ.

ಈ ಕೀರ್ತಿ ನೆಲ್ಯಾಡಿಯವರೆಗೂ ಹಬ್ಬಿತು. ಅಲ್ಲಿಯ ರಬ್ಬರ್ ಕೃಷಿಕ ಕುರಿಯಚ್ಚ ನನ್ನ ಗಿರಾಕಿ. ಅವನ ಮಗಳು ಲೀನಾ ಒಂದು ದಿನ ಅಂಗಡಿಗೆ ಬಂದಳು. ಮಲಯಾಳದಲ್ಲಿ ಇಪ್ಪತ್ತು ನಿಮಿಷದ ಸಿನಿಮಾ ಮಾಡಿದ್ದಳಂತೆ.

"ಅಂಕಲ್, ನಮ್ಮ ಮನೆಯಲ್ಲೇ ನಡೆದ ಕಥೆ. ನೋಡಿದವರೆಲ್ಲ ಕಡೆ ಸರಿಯಿಲ್ಲ ಹೇಳ್ತಾರೆ. ಸೋಮವಾರ ಸ್ಪರ್ಧೆಗೆ ಕಳಿಸ್ಬೇಕು. ಆದಿತ್ಯವಾರ ಕಡಬದ ಹಾಲ್‌ನಲ್ಲಿ ಜನರಿಗೆ ತೋರಿಸುದುಂಟು. ಕಡೆ ಇಡುದಾ, ಕತ್ತರಿಸುದಾ? ನೀವು ಹೇಳಿದ ಹಾಗೆ ಮಾಡ್ತೇನೆ."

ಹುಡುಗಿಯ ಮುಖ ಬಾಡಿಹೋಗಿತ್ತು. ಅವಳ ಮೊದಲ ಸಿನಿಮಾದ ಭವಿಷ್ಯ ನನ್ನ ಕೈಯಲ್ಲಿ! ನಾನು ಗಂಭೀರವಾಗಿ ತಲೆ ಆಡಿಸಿದೆ.

ಸುಮತಿ ಗಡಿಯಾಚೆಯ ಬಂದಡ್ಕದವಳು, ಮಲಯಾಳ ನೀರು ಕುಡಿದ ಹಾಗೆ ಮಾತಾಡುತ್ತಾಳೆ. "ನಾನು ಪಕ್ಕದಲ್ಲಿ ಕೂತು ಮೆಲ್ಲ ಅರ್ಥ ಹೇಳ್ತೇನೆ" ಎಂದಳು.

"ನನಗೆ ತುಳು ಉಂಟು, ಕನ್ನಡ ಉಂಟು. ಎರಡು ಸೇರಿದರೆ ಮಲಯಾಳವೇ. ಇನ್ನೆಂತ ಬೇಕು ಮಾರಾಯ್ತಿ?" ಎಂದೆ. ಅವಳನ್ನು ಹಿಂದಿನ ಸಾಲಿಗೆ ಕಳಿಸಿ ನಾನು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕುಳಿತೆ.

ಸಿನಿಮಾ ಶುರುವಾಯಿತು. ಒಬ್ಬ ಬೆಳಗ್ಗೆ ರಬ್ಬರ್ ತೋಟದಲ್ಲಿ ಕೆಲಸ ಮಾಡುತ್ತಾನೆ. ಮನೆಗೆ ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ. ಮಾತೇ ಇಲ್ಲ. ಕೊನೆಗೆ ಕೈ ತೊಳೆದು ಮೇಜಿನ ಎದುರು ಕೂರುತ್ತಾನೆ. ಒಳಗಿನಿಂದ ಹೆಂಗಸೊಬ್ಬಳು ಬಂದು ಅವನನ್ನು ನೋಡಿ, ತಲೆ ತಗ್ಗಿಸಿ ಹೇಳುತ್ತಾಳೆ: "ಅಪ್ಪಂ ತೀರ್ನು."

ಆತ ಖಾಲಿ ತಟ್ಟೆಯನ್ನು ನೋಡುತ್ತಾನೆ. ಎದ್ದು ಮತ್ತೆ ತೋಟಕ್ಕೆ ಹೋಗುತ್ತಾನೆ. ಮುಗಿಯಿತು.

ನನಗೆ ಅಳು ಬಂತು. ನಿಜವಾಗಿಯೂ ಬಂತು. ಅಪ್ಪ ತೀರಿಹೋದ ಸುದ್ದಿಯನ್ನು ಎರಡೇ ಮಾತಿನಲ್ಲಿ ಮುಗಿಸಿದ್ದಳು ಈ ಹುಡುಗಿ! ಎದೆ ಬಡಿದುಕೊಳ್ಳುವುದಿಲ್ಲ, ಪಿಟೀಲು ಇಲ್ಲ. ನಾನು ಮೈಕ್ ಹಿಡಿದೆ.

"ಈ ಅಂತ್ಯದಿಂದ ಒಂದು ಸೆಕೆಂಡನ್ನೂ ಕತ್ತರಿಸಬಾರದು" ಎಂದು ಘೋಷಿಸಿದೆ. "ತಂದೆ ತೀರಿಕೊಂಡಿದ್ದಾರೆ. ಮಗ ಅಳುವುದಿಲ್ಲ. ರಬ್ಬರ್ ಹಾಲು ಕಾಯುವುದಿಲ್ಲ ಎಂದು ತೋಟಕ್ಕೆ ನಡೆಯುತ್ತಾನೆ. ಇದಕ್ಕಿಂತ ದೊಡ್ಡ ದುಃಖ ಉಂಟೇ?"

ಸಭೆಯಲ್ಲಿ ಅಲ್ಲಲ್ಲಿ ಕೆಮ್ಮು ಎದ್ದಿತು. ಕುರಿಯಚ್ಚ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಅವನ ಹೆಗಲು ಕುಣಿಯುತ್ತಿತ್ತು. ಅಳುತ್ತಿದ್ದಾನೆಂದುಕೊಂಡು ನಾನು ದನಿ ತಗ್ಗಿಸಿದೆ. ಸುಮತಿ ಹಿಂದಿನಿಂದ ಎರಡೂ ಕೈ ಬೀಸುತ್ತಿದ್ದಳು. ಅದನ್ನು ಮೆಚ್ಚುಗೆಯೆಂದು ಸ್ವೀಕರಿಸಿದೆ.

"ಇದು ಅವರ ಮನೆಯಲ್ಲೇ ನಡೆದದ್ದು. ಕುರಿಯಚ್ಚನ ದಿವಂಗತ ತಂದೆಯವರಿಗಾಗಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಎಲ್ಲರೂ ನಿಂತರು. ಎದುರಿನ ಸಾಲಿನಲ್ಲಿದ್ದ ಒಬ್ಬರು ಬಹಳ ವಯಸ್ಸಾದವರೂ ಕೋಲೂರಿ, ಬಗ್ಗಿದ ಬೆನ್ನನ್ನು ಆದಷ್ಟು ನೆಟ್ಟಗೆ ಮಾಡಿ ನಿಂತರು. ಅವರ ಶಿಸ್ತು ನೋಡಿ ನನಗೆ ಸಂತೋಷವಾಯಿತು. ಮೌನ ಮುಗಿದ ಮೇಲೆ ಅವರು ಪಕ್ಕದಲ್ಲಿದ್ದ ಕುರಿಯಚ್ಚನನ್ನು ಜೋರಾಗಿಯೇ ಕೇಳಿದರು:

"ಆರಾ ಮರಿಚ್ಚದ್?"

ಯಾರು ಸತ್ತದ್ದು ಎಂದು ಕೇಳುತ್ತಿದ್ದಾರೆ ಎಂಬಷ್ಟು ನನಗೂ ಅರ್ಥವಾಯಿತು. ಕುರಿಯಚ್ಚ ಟವೆಲು ತೆಗೆದ. ಕಣ್ಣಲ್ಲಿ ನೀರಿತ್ತು, ನಕ್ಕು ನಕ್ಕು ಬಂದ ನೀರು.

"ಗೌಡ್ರೆ, ಇವ್ರೇ ನನ್ನ ಅಪ್ಪ. ಇವ್ರು ತೀರ್ಲಿಲ್ಲ. ಅಲ್ಲಿ ತೀರಿದ್ದು ತಿನ್ನುವ ಅಪ್ಪಂ. ಮನೆಯವ್ರೆಲ್ಲ ತಿಂದು ಮುಗಿಸಿದ್ರು, ಕೆಲಸಕ್ಕೆ ಹೋದವನಿಗೆ ಒಂದೂ ಉಳಿಸ್ಲಿಲ್ಲ. ಅಷ್ಟೇ ಕಥೆ."

ಸಭೆಯ ನಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ನಾಚಿಕೆಯಿಂದ ನನಗೆ ನೆಲ ಬಿರಿಯಬಾರದೇ ಅನಿಸಿತು. ಅದಕ್ಕಿಂತ ಹೆಚ್ಚಾಗಿ ಹುಡುಗಿಯ ಸಿನಿಮಾವನ್ನು ಹಾಳು ಮಾಡಿದೆನಲ್ಲ ಎಂಬ ಸಂಕಟ. ಮೈಕ್ ಕೆಳಗಿಟ್ಟು ಲೀನಾಳ ಹತ್ತಿರ ಹೋದೆ.

"ಅಂಕಲ್, ನೀವು ನಿಜವಾಗಿ ಅತ್ತದ್ದಾ?" ಎಂದು ಕೇಳಿದಳು.

"ಅತ್ತದ್ದು ನಿಜ."

"ಆ ದಿನ ನಮ್ಮ ಪಪ್ಪ ಒಂದು ಮಾತೂ ಹೇಳದೆ ಹಸಿದುಕೊಂಡು ತೋಟಕ್ಕೆ ಹೋದ್ರು. ನಾನೇ ಕಡೆಯ ಅಪ್ಪಂ ತಿಂದದ್ದು. ಆಗ ನನಗೂ ಅಳು ಬಂದಿತ್ತು. ಕತ್ತರಿಸುದಿಲ್ಲ, ಹಾಗೇ ಇಡ್ತೇನೆ."

ಅಂತ್ಯದ ಬಗ್ಗೆ ನನ್ನ ತೀರ್ಪು ಮತ್ತೊಮ್ಮೆ ಸರಿಯಾಯಿತೆಂದು ದಾಖಲಿಸಲು ಹೆಮ್ಮೆಪಡುತ್ತೇನೆ.

ತಿಂಗಳ ಮೇಲೆ ಲೀನಾ ಸಿನಿಮಾವನ್ನು ನನ್ನ ಮೊಬೈಲಿಗೆ ಕಳಿಸಿದಳು. ಈಗ ಕೆಳಗೆ ಕನ್ನಡ ಸಬ್‌ಟೈಟಲ್ ಇತ್ತು. ಕೊನೆಯಲ್ಲಿ ಎಲ್ಲರ ಹೆಸರು ಬಂದುಹೋದ ಮೇಲೆ ಒಂದು ಸಾಲು: 'ಸಬ್‌ಟೈಟಲ್ ಏಕೆ ಬೇಕೆಂದು ತೋರಿಸಿಕೊಟ್ಟವರಿಗೆ ಕೃತಜ್ಞತೆಗಳು.' ಅದರ ಕೆಳಗೆ ಇನಿಷಿಯಲ್ ಸಮೇತ ನನ್ನ ಹೆಸರು.

ಸಿನಿಮಾದಲ್ಲಿ ಹೆಸರು ಬಂದವರು ನಮ್ಮ ಕುಟುಂಬದಲ್ಲೇ ಇಲ್ಲ. ಅಲ್ಲಿಗೇ ನಿಲ್ಲಿಸಿ ಫೋಟೊ ತೆಗೆದೆ. ಮೇಲಿನ ಸಾಲನ್ನು ಕತ್ತರಿಸಿ, ಹೆಸರು ಮಾತ್ರ ಉಳಿಸಿ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಗುತ್ತಿಗಾರಿನ ಅಣ್ಣನಿಂದ ಹಿಡಿದು ಎಲ್ಲರೂ ಅಭಿನಂದನೆ ಸುರಿಸಿದರು.

ಐದು ನಿಮಿಷದಲ್ಲಿ ಸುಮತಿ ಪೂರ್ತಿ ಫೋಟೊ ಹಾಕಿದಳು.