ಹತ್ತು ನಿಮಿಷ ಸುಮ್ಮನಿರಿ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಹೆಬ್ಬೆರಳಿನಷ್ಟು ಉದ್ದದ ಒಂದು ಮೈಕು.

ಚಕ್ರಪಾಣಿಯವರಿಗೆ ಬೇಕಾಗಿದ್ದದ್ದು ವೀಣೆ. ವಿಮಾ ಕಂಪನಿಯೊಂದರಲ್ಲಿ ಜೀವ ತೇಯ್ದು, ಹೋದ ತಿಂಗಳಷ್ಟೇ ನಿವೃತ್ತರಾಗಿದ್ದ ಅವರಿಗೆ ಇದ್ದದ್ದು ಒಂದೇ ಆಸೆ. ಮಧ್ಯಾಹ್ನದ ಹೊತ್ತು ಸೋಫಾದಲ್ಲಿ ಕಾಲು ಚಾಚಿ ಕೂತು, ಒಳ್ಳೆಯ ಸ್ಪೀಕರಿನಲ್ಲಿ, ತಂತಿಯ ಮೇಲೆ ಬೆರಳು ಜಾರುವ ಸದ್ದೂ ಬಿಡದಂತೆ ವೀಣೆ ಕೇಳಬೇಕು. ಇಷ್ಟು ವರ್ಷ ಮೊಬೈಲಿನಲ್ಲಿ ಕೇಳಿದ ವೀಣೆ, ತಗಡಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದ ಹಾಗಿತ್ತು, ಪಾಪ.

ಅವರ ಹೆಂಡತಿ ಸೀತಾಲಕ್ಷ್ಮಿಯವರಿಗೆ ಬೇಕಾಗಿದ್ದದ್ದು ಸಿನಿಮಾ. ಹೀರೋ ಹೊಡೆದ ಏಟು ತಮ್ಮ ಬೆನ್ನ ಹಿಂದೆಯೇ ಬಿತ್ತು ಅನ್ನಿಸಬೇಕು.

ಗಂಡ ಹೆಂಡತಿ ಜಯನಗರದಿಂದ ಜೆ.ಪಿ. ನಗರದವರೆಗೆ ಅಂಗಡಿ ಅಂಗಡಿ ಸುತ್ತಿದರು. ಟಿವಿ ಕೆಳಗೆ ಉದ್ದನೆಯ ಸೌಂಡ್‌ಬಾರ್ ಇಟ್ಟರೆ ಮುಗಿಯಿತು ಎಂದ ಒಬ್ಬ. ಅದರಲ್ಲಿ ವೀಣೆ ಕೇಳಿ ಚಕ್ರಪಾಣಿಯವರ ಮುಖ ಹಾಗಲಕಾಯಿ ಕಚ್ಚಿದಂತಾಯಿತು. ಸಂಗೀತಕ್ಕೆ ಎರಡೇ ಸ್ಪೀಕರ್ ಇರಬೇಕು ಎಂದ ಇನ್ನೊಬ್ಬ. ಅದರಲ್ಲಿ ಫೈಟಿಂಗ್ ಕೇಳಿದ ಸೀತಾಲಕ್ಷ್ಮಿ, "ಇದ್ಯಾಕೋ ಪಕ್ಕದ ಬೀದೀಲಿ ಹೊಡ್ದಾಡ್ತಿರೋ ಹಾಗಿದೆ, ನಮಗೇನೂ ಸಂಬಂಧಾನೇ ಇಲ್ಲ" ಎಂದರು. ಕೊನೆಗೆ ಎರಡಕ್ಕೂ ಒದಗುವ ಒಂದು ಆಂಪ್ಲಿಫೈಯರ್ ಸಿಕ್ಕಿತು. ಮುಂದೆ ಎರಡು ದೊಡ್ಡ ಸ್ಪೀಕರು, ನಡುವೆ ಒಂದು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೆ ಒಂದು ವೂಫರು. ವೀಣೆ ಹಾಕಿದರೆ ಮುಂದಿನವು ಮಾತ್ರ ನುಡಿಯುತ್ತವೆ, ಸಿನಿಮಾ ಹಾಕಿದರೆ ಎಲ್ಲ ಸೇರಿ ಮೇಲೆ ಬೀಳುತ್ತವೆ.

ಮನೆಯಲ್ಲಿ ಒಪ್ಪಂದವೂ ಆಯಿತು. ಮಧ್ಯಾಹ್ನ ಮೂರರಿಂದ ಆರು ವೀಣೆ. ಆರರ ಮೇಲೆ ಸಿನಿಮಾ, ಸೀರಿಯಲ್ಲು.

"ಆದ್ರೆ ರೀ, ಶನಿವಾರ ಸಂಜೆ ಆರಕ್ಕೆ ನಮ್ಮಕ್ಕನ ಮನೆಯವ್ರು ಸಿನಿಮಾಗೆ ಅಂತ ಬರ್ತಿದಾರೆ. ಅಷ್ಟೊತ್ತಿಗೆ ಇದು ರೆಡಿ ಇಲ್ಲ ಅಂದ್ರೆ, ಎಲ್ಲಾ ವಾಪಸ್ ಕಳ್ಸಿ ಸೌಂಡ್‌ಬಾರ್ ತರೋದೇ" ಎಂದು ಸೀತಾಲಕ್ಷ್ಮಿ ಖಡಾಖಂಡಿತವಾಗಿ ಹೇಳಿಬಿಟ್ಟರು.

ಶನಿವಾರ ಮೂರು ಗಂಟೆಯ ಹೊತ್ತಿಗೆ ಅಂಗಡಿಯ ಶರಣ್ ವೈರುಗಳನ್ನೆಲ್ಲ ಎಳೆದು ಮುಗಿಸಿದ. ಸೋಫಾದ ಹತ್ತಿರ ಒಂದು ಸ್ಟ್ಯಾಂಡ್ ನಿಲ್ಲಿಸಿ, ಅದರ ತುದಿಗೆ ಆ ಪುಟ್ಟ ಮೈಕು ಸಿಕ್ಕಿಸಿದ.

"ಸಾರ್, ಈಗ ಇದು ನಿಮ್ಮನೇನ ಕೇಳಿಸ್ಕೊಳ್ಳತ್ತೆ. ಒಂದೊಂದೇ ಸ್ಪೀಕರಿಂದ ಸೌಂಡ್ ಬರತ್ತೆ, ಮೈಕು ಅದನ್ನ ಹಿಡ್ದು ಗೋಡೆ ಎಷ್ಟು ದೂರ, ಸೋಫಾ ಎಲ್ಲಿದೆ ಅಂತ ನೋಡಿ ತಾನೇ ಸೆಟ್ ಆಗತ್ತೆ. ಇದಾಗ್ಲಿಲ್ಲ ಅಂದ್ರೆ ವೀಣೆನೂ ಒಂದೇ, ಮಿಕ್ಸಿನೂ ಒಂದೇ. ಹತ್ತು ನಿಮಿಷ ಪೂರ್ತಿ ಸೈಲೆನ್ಸ್ ಬೇಕು, ಅಷ್ಟೆ."

"ಅಷ್ಟೇನಾ?" ಎಂದರು ಚಕ್ರಪಾಣಿ. ತ್ಯಾಗರಾಜನಗರದ ಆ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ವರ್ಷ ಬಾಳಿಯೂ ಹೀಗೆ ಕೇಳಿದರಲ್ಲ, ಎಂಥ ಒಳ್ಳೆಯ ಮನುಷ್ಯ!

ಸ್ಪೀಕರು ಒಮ್ಮೆ 'ಶ್ಶ್' ಅಂದದ್ದೇ ತಡ, ಮಹಡಿಯ ಮೇಲೆ ಪಾರ್ವತಮ್ಮನವರ ಗ್ರೈಂಡರು ಗರಗರ ಶುರುವಾಯಿತು. ಟಿವಿ ಪರದೆಯ ಮೇಲೆ 'ಗದ್ದಲ ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ' ಎಂದು ಕೆಂಪಕ್ಷರ ಬಂತು. ಚಕ್ರಪಾಣಿ ಮೆಟ್ಟಿಲು ಹತ್ತಿ ಓಡಿದರು.

"ನಿಲ್ಲಿಸ್ತೀನಿ, ಅದಕ್ಕೇನಂತೆ? ಆದ್ರೆ ಅಪರೂಪಕ್ಕೆ ಬಂದಿದೀರ, ಬಾಗಿಲಲ್ಲೇ ಹೋಗೋ ಹಾಗಿಲ್ಲ. ಕಾಫಿ ಕುಡೀರಿ, ಆಮೇಲೆ ನಿಲ್ಲಿಸ್ತೀನಿ" ಎಂದರು ಪಾರ್ವತಮ್ಮ. ಬೇಡ ಎಂದರೆ ಆ ಮನೆಯಲ್ಲಿ ಬೇಜಾರು ಮಾಡಿಕೊಳ್ಳುತ್ತಾರೆ. ಕುಡಿದರು.

ಕೆಳಗೆ ಬಂದು ಎರಡನೇ ಸಲ ಶುರುಮಾಡಿದರೆ ಎದುರುಮನೆಯ ರೇಖಾ ಅವರ ಕುಕ್ಕರ್ ಕೂಗಿತು. ಅಲ್ಲೂ ಕಾಫಿ, ಜೊತೆಗೆ ಕೋಡುಬಳೆ. ಮೂರನೇ ಸಲಕ್ಕೆ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಜಯಸಿಂಹ ಕಾರನ್ನು ಹಿಂದಕ್ಕೆ ತೆಗೆದರು. ಆ ಕಾರು ರಿವರ್ಸಿನಲ್ಲಿ ಮದುವೆ ಬ್ಯಾಂಡಿನ ಹಾಗೆ ಟ್ಯೂನು ಬಾರಿಸುತ್ತದೆ.

"ಹತ್ತು ನಿಮಿಷ ಸೈಲೆನ್ಸಾ? ನಮ್ಮ ಬಿಲ್ಡಿಂಗಲ್ಲಾ?" ಎಂದು ಜಯಸಿಂಹ ಕಣ್ಣರಳಿಸಿದರು. "ಇದನ್ನ ನೋಡ್ಲೇಬೇಕು ಸಾರ್. ಬರ್ತೀನಿ, ಮೊದ್ಲು ನಮ್ಮನೇಲಿ ಕಾಫಿ ತಗೊಳ್ಳಿ."

ನಾಲ್ಕನೇ ಸಲಕ್ಕೆ ಬೀದಿಯಲ್ಲಿ ತರಕಾರಿ ಬೈಲಪ್ಪನ ಗಾಡಿಯ ಸ್ಪೀಕರು ಟೊಮ್ಯಾಟೋ, ಬೀನ್ಸು ಎಂದು ಒದರಿತು. ಬೈಲಪ್ಪ ಕಾಫಿ ಕೊಡಲಿಲ್ಲ. "ಮೈಕ್ ಆಫ್ ಮಾಡಿದ್ರೆ ಯಾಪಾರ ಹೋಯ್ತಲ್ಲ ಸಾರ್? ಈ ಕುಂಬಳಕಾಯಿ ನೀವೇ ತಗೊಂಡ್ಬಿಡಿ" ಎಂದು ಹಸುಗೂಸಿನಷ್ಟು ತೂಕದ್ದನ್ನು ಕೈಗಿಟ್ಟ.

ಚಕ್ರಪಾಣಿ ಕುಂಬಳಕಾಯಿ ಅವುಚಿಕೊಂಡು ಮನೆಗೆ ಬಂದರೆ ಹಾಲ್ ತುಂಬಿಹೋಗಿತ್ತು. ಯಾರಿಗೆ ಸುಮ್ಮನಿರಿ ಎಂದು ಹೇಳಿಬಂದಿದ್ದರೋ ಅವರೆಲ್ಲ ಸುಮ್ಮನಿರುವುದಕ್ಕೆ ಅಲ್ಲಿಗೇ ಬಂದು ಕೂತಿದ್ದರು. ಗಡಿಯಾರ ಐದು ದಾಟಿತ್ತು. ಸೀತಾಲಕ್ಷ್ಮಿ ಸೌಂಡ್‌ಬಾರಿನ ಜಾಹೀರಾತನ್ನು ಟೀಪಾಯಿಯ ಮೇಲೆ ಕಾಣುವ ಹಾಗೆ ಇಟ್ಟರು.

ಶರಣ್ ಫ್ಯಾನ್ ಆರಿಸಿದ. ಎಲ್ಲರೂ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಒಂದು ಸ್ಪೀಕರ್ ಆಯಿತು, ಎರಡಾಯಿತು. ಅಷ್ಟರಲ್ಲಿ ಎಲ್ಲಿಂದಲೋ 'ಗುಳುಗುಳು ಗುಳುಕ್' ಎಂದಿತು. ಪರದೆಯ ಮೇಲೆ ಮತ್ತೆ ಕೆಂಪಕ್ಷರ.

"ನೀರಿನ ಪೈಪಾ?" ಎಂದರು ಜಯಸಿಂಹ.

ಶರಣ್ ಮೈಕಿನ ಸುತ್ತ ಕಿವಿಗೊಟ್ಟು ಹುಡುಕಿ, ಸಂಕೋಚದಿಂದ ತಲೆ ತಗ್ಗಿಸಿದ. "ಸಾರ್... ಅದು ನಿಮ್ಮ ಹೊಟ್ಟೆ."

ಮೂರು ಮನೆಯ ಕಾಫಿ ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿತ್ತು. "ರೀ, ನೀವು ಹೊರಗ್ ಹೋಗಿ" ಎಂದರು ಸೀತಾಲಕ್ಷ್ಮಿ. ಯಾರೂ ಬೇಡ ಅನ್ನಲಿಲ್ಲ. ತಮ್ಮ ಮನೆ, ತಮ್ಮ ಸ್ಪೀಕರು, ತಾವು ಮಾತ್ರ ಗೇಟಿನಾಚೆ ಬೈಲಪ್ಪನ ಗಾಡಿ ಪಕ್ಕದಲ್ಲಿ ಹೊಟ್ಟೆ ಒತ್ತಿಹಿಡಿದು ನಿಂತ ಚಕ್ರಪಾಣಿಯವರಿಗೆ ಅಳುವೇ ಬಂದಂತಾಯಿತು.

ಒಳಗಿನಿಂದ ಚಪ್ಪಾಳೆ ಕೇಳಿಸಿತು. ಓಡಿಹೋದರು. ಪರದೆಯ ಮೇಲೆ ಹಸಿರಕ್ಷರ ಬಂದಿತ್ತು! ಪಾರ್ವತಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಂಥಾ ನಿಶ್ಶಬ್ದ ಚಕ್ರಪಾಣಿಯವ್ರೇ! ಗಡಿಯಾರದ ಟಿಕ್ ಟಿಕ್ ಕೇಳಿಸ್ತು. ಈ ಬಿಲ್ಡಿಂಗಿಗೆ ಬಂದ್ಮೇಲೆ ಇದೇ ಮೊದ್ಲು."

"ಹಕ್ಕಿ ಕೂಗಿದ್ದು ಕೇಳಿಸ್ತು" ಎಂದರು ರೇಖಾ. ಜಯಸಿಂಹ ಏನೋ ಯೋಚನೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ಎಲ್ಲರನ್ನೂ ಕರೆದುಕೊಂಡು ಹೊರಟರು.

ಆರಕ್ಕೆ ಅಕ್ಕನ ಮನೆಯವರು ಬಂದರು. ಸಿನಿಮಾದಲ್ಲಿ ಕಲ್ಲು ಹಾರಿದಾಗ ಅಕ್ಕ ನಿಜವಾಗಿಯೂ ತಲೆ ಬಗ್ಗಿಸಿದರು. ಸೀತಾಲಕ್ಷ್ಮಿಯ ಮುಖ ಊರಗಲವಾಯಿತು. ಜಾಹೀರಾತಿನ ಕಾಗದದ ಮೇಲೆ ಈಗ ಕೋಡುಬಳೆ ಇತ್ತು. ಗೆದ್ದೆ ಎಂದುಕೊಂಡರು ಚಕ್ರಪಾಣಿ. ನಾಳೆ ಮೂರು ಗಂಟೆಗೆ ವೀಣೆ! ಆ ಸಂತೋಷಕ್ಕೆ ಸಿನಿಮಾದ ಗದ್ದಲವೂ ಹಿತವಾಗಿ ಕೇಳಿಸಿತು.

ಸಿನಿಮಾ ಮುಗಿಯುವ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ಜಯಸಿಂಹ, ಹಿಂದೆ ಇಡೀ ಅಪಾರ್ಟ್‌ಮೆಂಟು, ಕೈಯಲ್ಲಿ ಹಾರ.

"ಸಾರ್, ಕೆಳಗೆ ಪಾರ್ಕಿಂಗಲ್ಲಿ ಈಗ್ತಾನೆ ಮೀಟಿಂಗ್ ಮಾಡಿದ್ವಿ. ನಿಮ್ಮಿಂದ ನಮ್ಮ ಕಣ್ಣು ತೆರೀತು. ನಾಳೆಯಿಂದ ದಿನಾ ಬಿಲ್ಡಿಂಗಲ್ಲಿ ಮೌನದ ಹೊತ್ತು. ಗ್ರೈಂಡರ್ ಇಲ್ಲ, ಹಾರ್ನ್ ಇಲ್ಲ, ಟಿವಿ ಇಲ್ಲ, ಹಾಡು ಇಲ್ಲ. ಐಡಿಯಾ ನಿಮ್ದು, ಅದಕ್ಕೇ ಉಸ್ತುವಾರಿನೂ ನೀವೇ."

ಹಾರ ಕೊರಳಿಗೆ ಬಿತ್ತು. "ಎಷ್ಟ್ ಹೊತ್ತಿಗೆ?" ಎಂದರು ಚಕ್ರಪಾಣಿ, ಸಣ್ಣ ದನಿಯಲ್ಲಿ.

"ಮಧ್ಯಾಹ್ನ ಮೂರರಿಂದ ಆರು."

"ರಾತ್ರಿ ಇಟ್ಕೋಬಹುದಲ್ಲ?"

"ರಾತ್ರಿ ಸೀರಿಯಲ್ ಟೈಮು ಸಾರ್, ಸುಮ್ನಿರೋಕಾಗತ್ತಾ? ನಿಮಗೆ ವೀಣೆ ಕೇಳ್ಬೇಕು ಅನ್ಸಿದ್ರೆ ಇಯರ್‌ಫೋನ್ ಇದ್ಯಲ್ಲ! ಮೊಬೈಲಲ್ಲಿ ಸಖತ್ತಾಗಿ ಕೇಳತ್ತೆ."

ಚಕ್ರಪಾಣಿ ಹೆಂಡತಿಯ ಕಡೆ ತಿರುಗಿದರು. "ಒಳ್ಳೇದಾಯ್ತು ಬಿಡ್ರೀ, ನಂಗೂ ಒಂದು ನಿದ್ದೆ ಆಗತ್ತೆ" ಎಂದರು ಸೀತಾಲಕ್ಷ್ಮಿ.

ಮರುದಿನ ಮೂರು ಗಂಟೆಗೆ ಚಕ್ರಪಾಣಿ ಸೋಫಾದಲ್ಲಿ ಕಾಲು ಚಾಚಿ ಕೂತರು. ಸುತ್ತಲಿಂದ ಆರು ಸ್ಪೀಕರುಗಳು ಅವರನ್ನೇ ನೋಡುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಕುಂಬಳಕಾಯಿ ಹುಳಿ, ನಿನ್ನೆ ರಾತ್ರಿಯೂ ಅದೇ. ಗ್ರೈಂಡರಿಲ್ಲ, ಕುಕ್ಕರಿಲ್ಲ, ಬೈಲಪ್ಪನೂ ಬಾಯಿ ಬಿಡದೆ ಗಾಡಿ ತಳ್ಳಿಕೊಂಡು ಹೋದ. ಇಡೀ ಕಟ್ಟಡದಲ್ಲಿ ಒಂದೇ ಒಂದು ಸದ್ದು: ಗುಳುಗುಳು ಗುಳುಕ್.

ಮೇಲಿನ ಬಾಲ್ಕನಿಯಿಂದ ಪಾರ್ವತಮ್ಮನವರ ತಲೆ ಇಣುಕಿತು.

"ಚಕ್ರಪಾಣಿಯವ್ರೇ, ಶ್ಶ್! ಉಸ್ತುವಾರಿ ನೀವೇ ಹೀಗ್ ಮಾಡಿದ್ರೆ ಹೆಂಗೆ?"