ಖಾನಾಪುರದ ಟಾಕೋ

ನಾನು ಒಳ್ಳೆಯ ಮನುಷ್ಯ ಎಂದು ಬಹಳ ದಿನ ನಂಬಿಕೊಂಡಿದ್ದೆ. ಪಕ್ಕದ ಮನೆಯವರು ಹೊಸ ಕಾರು ತಂದಾಗ ಮನಸಾರೆ ಪೇಡೆ ತಿಂದು ಬಂದವನು ನಾನು. ನನ್ನ ನಂತರ ನೌಕರಿಗೆ ಸೇರಿದವನಿಗೆ ಬಡ್ತಿ ಬಂದಾಗ ಹಾರ ತರಲು ನಾನೇ ಪೇಟೆಗೆ ಓಡಿದ್ದೇನೆ. ಹೀಗಾಗಿ ಮತ್ಸರವೆಂಬುದು ಬೇರೆಯವರಿಗೆ ಬರುವ ಕಾಯಿಲೆ ಎಂದುಕೊಂಡಿದ್ದೆ. ಆದರೆ ಅದು ಒಬ್ಬೊಬ್ಬರ ಮನೆಗೆ ಒಂದೊಂದು ಬಾಗಿಲಿನಿಂದ ಬರುತ್ತದೆ. ನನ್ನ ಮನೆಗೆ ಅಡುಗೆಮನೆಯ ಬಾಗಿಲಿನಿಂದ ಬಂತು. ಒಳ್ಳೆಯ ತಿನಿಸು ಸಿಗುವ ಜಾಗವನ್ನು ನನಗಿಂತ ಮೊದಲು ಇನ್ನೊಬ್ಬ ಕಂಡುಹಿಡಿದನೆಂದರೆ ನನಗೆ ತಡೆಯಲಾಗುವುದಿಲ್ಲ.

ಇದಕ್ಕೆ ಕಾರಣ ಉಂಟು. ಬೆಳಗಾವಿಯಲ್ಲಿ ನಾನು ಕೆಲಸ ಮಾಡುವ ವಿಮಾ ಕಚೇರಿಯ ಕಾಗದಪತ್ರಗಳಲ್ಲಿ ನನ್ನ ಹುದ್ದೆ ಏನಾದರೂ ಇರಲಿ, ಎಲ್ಲಿ ಏನು ತಿನ್ನಬೇಕೆಂದು ಹೇಳುವುದೇ ನನ್ನ ನಿಜವಾದ ಹುದ್ದೆ. ಕುಂದಾ ಯಾವ ಅಂಗಡಿಯದು ಆಗಬೇಕು, ಮದುವೆಗೆ ಮಂಡಿಗೆ ಮಾಡಲು ಯಾರನ್ನು ಕರೆಯಬೇಕು, ಬೀಗರು ಬಂದರೆ ಯಾವ ಖಾನಾವಳಿಗೆ ಕರೆದೊಯ್ದರೆ ಮಾನ ಉಳಿಯುತ್ತದೆ, ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ಸದಾಶಿವನಗರದ ನಮ್ಮ ಮನೆಯಲ್ಲೂ ಈ ಒಂದು ವಿಷಯದಲ್ಲಿ ನನ್ನ ಮಾತಿಗೆ ಎದುರಿಲ್ಲ. ಉಳಿದ ವಿಷಯಗಳಲ್ಲಿ ನನ್ನ ಮಾತೇ ಇಲ್ಲ, ಅದು ಬೇರೆ.

ಹೀಗಿರುವಾಗ ನನ್ನ ಹೆಂಡತಿ ಸುಮತಿ ಖಾನಾಪುರದ ತಂಗಿಯ ಮನೆಗೆ ನೋಂಪಿಯ ವ್ರತಕ್ಕೆಂದು ಹೋಗಿ ಎರಡು ದಿನ ಇದ್ದು ಬಂದಳು. ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು.

“ರೀ, ನಾ ಮೆಕ್ಸಿಕನ್ ತಿಂದ ಬಂದೀನಿ.”

“ಎಲ್ಲಿ?”

“ಖಾನಾಪುರದಾಗ. ಭರತೇಶ ಅವ್ರು ಕರಕೊಂಡ ಹೋಗಿದ್ರು. ಟಾಕೋ ಅಂತ, ಮಡಚಿದ ರೊಟ್ಟ್ಯಾಗ ಪಲ್ಯಾ ತುಂಬಿ ಕೊಡ್ತಾರ. ಏನ್ ರುಚಿ ಅಂತೀರಿ! ನೀವು ಇಷ್ಟ ವರ್ಷದಾಗ ಒಮ್ಮಿನೂ ಇಂಥಾದ್ದು ತಿನಿಸಿಲ್ಲ ನೋಡ್ರಿ.”

ಭರತೇಶ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಖಾನಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಬಟ್ಟೆ ಕೊಳ್ಳಲು, ಹಲ್ಲು ಕೀಳಿಸಲು ಬೆಳಗಾವಿಗೇ ಬರಬೇಕಾದ ಮನುಷ್ಯ. ಮಾವನ ಮನೆಯಲ್ಲಿ ನಾನು ಹಿರಿಯ ಅಳಿಯ, ಮೊದಲ ಹೋಳಿಗೆ ನನ್ನ ಎಲೆಗೇ ಬೀಳುತ್ತದೆ. ಅಂಥಾ ನನ್ನ ಹೆಂಡತಿಗೆ ಗೊಬ್ಬರದ ಅಂಗಡಿಯವನು ಮೆಕ್ಸಿಕೊ ತೋರಿಸಿದ್ದ. ಅದೂ ಸುಲಭದ ಕೆಲಸವಲ್ಲ. ನಾವು ಜೈನರು, ನಾನು ಅಷ್ಟಿಷ್ಟು ಸಡಿಲ, ಆದರೆ ಸುಮತಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವಳಲ್ಲ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಮುಟ್ಟುವವಳಲ್ಲ. ಅವಳನ್ನು ಹೊರಗೆ ಕರೆದೊಯ್ದು ಹೊಟ್ಟೆ ತುಂಬಾ ತಿನ್ನಿಸುವುದು ನನಗೇ ಸರಿಯಾಗಿ ಸಾಧ್ಯವಾಗಿರಲಿಲ್ಲ.

“ಖಾನಾಪುರದಾಗ ಇಷ್ಟು ಛಲೋ ಇದ್ರ, ಬೆಳಗಾವ್ಯಾಗ ಅದರ ಅಪ್ಪನಂಥಾದ್ದು ಇರತೈತಿ. ಒಂದ ತಿಂಗಳದಾಗ ತಿನಸ್ತೀನಿ, ನೋಡಕೋತ ಇರು” ಎಂದೆ. ಹೇಳಿದ ಮೇಲೆ ಬೆಳಗಾವಿಯಲ್ಲಿ ಅಂಥ ಹೋಟೆಲು ಎಲ್ಲಿದೆ ಎಂದು ನನಗೆ ಗೊತ್ತಿಲ್ಲವೆಂಬುದು ನೆನಪಾಯಿತು.

ಮೊದಲು ಸಿಕ್ಕ ಹೋಟೆಲಿನ ಬೋರ್ಡಿನ ಮೇಲೆ ದೊಡ್ಡ ಟೊಪ್ಪಿಗೆಯ ಮೀಸೆಯವನೊಬ್ಬನಿದ್ದ. ಬಾಗಿಲು ತೆರೆಯುವುದು ಮಾತ್ರ ಸಂಜೆ ಏಳಕ್ಕೆ. ಐದು ಗಂಟೆಗೇ ಹೋಗಿ ಬಾಗಿಲು ಬಡಿದೆವು. ಒಳಗಿಂದ ಬನಿಯನ್ ತೊಟ್ಟವನೊಬ್ಬ ಕಣ್ಣುಜ್ಜುತ್ತ ಬಂದು, “ಮೆಕ್ಸಿಕನ್ ಏಳರ ಮ್ಯಾಲ ಆಗತೈತ್ರಿ, ಈಗ ಬೇಕಂದ್ರ ಚಹಾ ಮಾಡಿ ಕೊಡ್ತೀನಿ” ಅಂದ. ಚಹಾ ಕುಡಿದು ಬಂದೆವು. ಇನ್ನೊಂದು ಕಡೆ ಹಗಲಲ್ಲೇ ಸಿಕ್ಕಿತು. ಉಳ್ಳಾಗಡ್ಡಿ ಬೇಡ, ಬೆಳ್ಳುಳ್ಳಿ ಬೇಡ ಎಂದು ನಾನು ಒಂದೊಂದೇ ತೆಗೆಸುತ್ತ ಹೋದೆ. ಕೊನೆಗೆ ಬಂದ ಟಾಕೋದಲ್ಲಿ ಟೊಮೆಟೊ ಸಾಸು ಮತ್ತು ಒಂದು ಚೀಸಿನ ಹಾಳೆ ಬಿಟ್ಟರೆ ಏನೂ ಇರಲಿಲ್ಲ. ಕಾಕತಿ ಕಡೆಯ ಹೆದ್ದಾರಿಯಲ್ಲಿ ಒಂದು ಭಾರೀ ಹೋಟೆಲು ಇದೆಯೆಂದು ಯಾರೋ ಹೇಳಿದರು. ಅಲ್ಲಿ ಬುರಿಟೊ ಎಂದು ತಂದಿಟ್ಟದ್ದನ್ನು ಸುಮತಿ ಬಿಚ್ಚಿ ನೋಡಿದಳು. ಚಪಾತಿಯೊಳಗೆ ಚಿತ್ರಾನ್ನ.

“ನಾ ಸಾಲಿಗಿ ಹೋಗೂ ಮುಂದ ನಮ್ಮವ್ವ ಡಬ್ಬಿಗಿ ಹಿಂಗ ಸುತ್ತಿ ಕೊಡತಿದ್ಲು” ಎಂದಳು. ಆಮೇಲೆ ಕಿಟಕಿಯಾಚೆ ನೋಡುತ್ತ, “ಭರತೇಶ ಅವ್ರು ತಿನಿಸಿದ್ದು...” ಎಂದು ಅಲ್ಲಿಗೇ ನಿಲ್ಲಿಸಿದಳು. ಪೂರ್ತಿ ಹೇಳಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಭರತೇಶನಾದರೂ ಸ್ವಲ್ಪ ಜಂಬ ಕೊಚ್ಚಿಕೊಂಡಿದ್ದರೆ ಬೈದು ಹಗುರಾಗಬಹುದಿತ್ತು. ಅವನು ಪರಮ ಸಾಧು. ಎರಡು ದಿನಕ್ಕೊಮ್ಮೆ ಫೋನು ಮಾಡಿ, “ಸಿಕ್ತೇನ್ರಿ ಅಣ್ಣಾರ? ಸಿಗತೈತ್ರಿ, ನಿಮಗ ಸಿಗದ್ದು ಇನ್ಯಾರಿಗಿ ಸಿಗತೈತಿ?” ಎಂದು ಧೈರ್ಯ ಹೇಳುತ್ತಿದ್ದ. ಆ ಧೈರ್ಯ ಕೇಳಿ ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಒಂದು ದಿನ ರಜೆ ಹಾಕಿ, ಮನೆಯಲ್ಲಿ ಕಚೇರಿಗೆ ಹೋಗುತ್ತೇನೆಂದು ಹೇಳಿ, ಖಾನಾಪುರದ ಬಸ್ಸು ಹತ್ತಿದೆ. ಉದ್ದೇಶ ಒಂದೇ: ಆ ಟಾಕೋದಲ್ಲಿ ತಪ್ಪು ಹುಡುಕುವುದು. ಗೊಬ್ಬರದ ಅಂಗಡಿಯ ಮುಂದೆ ಹಾಯುವಾಗ ಕರವಸ್ತ್ರದಿಂದ ಮುಖ ಮುಚ್ಚಿಕೊಂಡೆ. ಹೋಟೆಲೆಂದರೆ ತಗಡಿನ ಸೂರು, ಮೂರು ಬೆಂಚು. ನಡೆಸುವವರು ಪಾಂಡೂಮಾಮಾ, ಗೋವಾದ ದೊಡ್ಡ ಹೋಟೆಲಿನಲ್ಲಿ ವಿದೇಶಿಯರಿಗೆ ಅಡುಗೆ ಮಾಡಿ, ಸಾಕಾಗಿ ಊರಿಗೆ ಮರಳಿದವರು.

“ಬರ್ರಿ ಸಾಹೇಬ್ರ, ಕುಂದರ್ರಿ. ಉಳ್ಳಾಗಡ್ಡಿ ನಡೀತೈತ್ಯೋ ಇಲ್ಲೋ? ಇಲ್ಲಂದ್ರ ಅದು ಹಾಕಲಾರದ್ದು ಬಾಜೂಕ ಬ್ಯಾರೆ ಬುಟ್ಟ್ಯಾಗ ಐತಿ” ಎಂದರು.

ಗೋವಿನಜೋಳದ ಹಿಟ್ಟನ್ನು ಕೈಯಲ್ಲೇ ತಟ್ಟಿ, ಹಂಚಿನ ಮೇಲೆ ಉಬ್ಬಿಸಿ, ಒಳಗೆ ಅಲಸಂದಿಯ ಪಲ್ಯ, ಸುಟ್ಟ ಟೊಮೆಟೊದ ಚಟ್ನಿ, ಹಸಿಮೆಣಸಿನಕಾಯಿ ಹಾಕಿ, ಲಿಂಬೆ ಹಿಂಡಿ ಕೊಟ್ಟರು. ತಪ್ಪು ಹುಡುಕಲು ಒಂದು ತಿಂದೆ. ಸಿಗಲಿಲ್ಲ. ಸರಿಯಾಗಿ ಹುಡುಕಿಲ್ಲವೇನೋ ಎಂದು ಇನ್ನೂ ಮೂರು ತಿಂದೆ. ಇಷ್ಟು ರುಚಿಯಾದದ್ದನ್ನು ತಿನ್ನುತ್ತ ಇಷ್ಟು ದುಃಖಪಟ್ಟದ್ದು ನನ್ನ ಜನ್ಮದಲ್ಲೇ ಇಲ್ಲ.

ಆಗ ಮತ್ಸರ ನನಗೊಂದು ಉಪಾಯ ಕೊಟ್ಟಿತು. ಹೋಟೆಲು ಖಾನಾಪುರದಲ್ಲಿ ಇದ್ದರಲ್ಲವೇ ಅದು ಭರತೇಶನದು? ಬೆಳಗಾವಿಗೆ ಬಂದರೆ ನನ್ನದು! “ಮಾಮಾ, ಇಂಥಾ ಕೈ ಇಟಗೊಂಡು ಇಲ್ಲ್ಯಾಕ ಕುಂತೀರಿ? ಬೆಳಗಾವ್ಯಾಗ ಖಾಸಬಾಗದಾಗ ನಮ್ಮ ಗೆಳೆಯಂದೊಂದು ಅಂಗಡಿ ಖಾಲಿ ಐತಿ” ಎಂದು ಹಟ ಹಿಡಿದು ಕೂತೆ. ಅವರ ಮಗಳ ಕಾಲೇಜು ಬೆಳಗಾವಿಯಲ್ಲೇ ಇದ್ದುದರಿಂದ ಮಾಮಾ ಒಪ್ಪಿದರು. ಸುಮತಿ ಹೊತ್ತು ಮುಳುಗುವ ಮೊದಲೇ ತಿನ್ನಬೇಕಲ್ಲ, ಮಧ್ಯಾಹ್ನ ನಾಲ್ಕಕ್ಕೇ ಅಂಗಡಿ ತೆರೆಯಬೇಕೆಂದು ಮಾತು ತೆಗೆದುಕೊಂಡೆ.

ಅಂಗಡಿ ಶುರುವಾದ ದಿನ ಸುಮತಿಯನ್ನು ಕರೆದೊಯ್ದೆ. “ನಾನ ಹುಡಿಕೀನಿ” ಎಂದು ಎದೆ ತಟ್ಟಿಕೊಂಡೆ. ಅವಳು ಒಂದು ತುತ್ತು ತಿಂದು ನನ್ನ ಮುಖ ನೋಡಿದಳು.

“ಇದು ಪಾಂಡೂಮಾಮಾನ ಕೈ ಅಲ್ಲೇನ್ರಿ?”

ಅಷ್ಟರಲ್ಲಿ ಪಾಂಡೂಮಾಮಾ ಒಳಗಿಂದ ಕೈ ಒರೆಸಿಕೊಳ್ಳುತ್ತ ಬಂದು, “ಖರೇ ಅಕ್ಕಾರ! ಸಾಹೇಬ್ರು ಖಾನಾಪುರಕ್ಕ ಬಂದು, ನಾಕು ಟಾಕೋ ತಿಂದು, ನನ್ನ ಎಬ್ಬಿಸಿಕೊಂಡ ಬಂದ್ರು” ಎಂದರು. ಸುಮತಿ ನೀರು ನೆತ್ತಿಗೇರುವಷ್ಟು ನಕ್ಕಳು. ಅಲ್ಲಿಂದಲೇ ತಂಗಿಗೆ ಫೋನು ಹೋಯಿತು. ಭರತೇಶ ಸಿಟ್ಟಾಗಲಿಲ್ಲ. “ಭಾಳ ಛಲೋ ಆತ್ರಿ ಅಣ್ಣಾರ. ಇನ್ನ ರವಿವಾರಕ್ಕೊಮ್ಮೆ ನಿಮ್ಮ ಮನಿಗೇ ಬರ್ತೀವಿ” ಎಂದ.

ಹೇಳಿದಂತೆ ಬರುತ್ತಾನೆ. ಅಂಗಡಿ ತೆರೆಯುವುದು ನಾಲ್ಕಕ್ಕೆ, ಆದ್ದರಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ಆಮೇಲೆ ಖಾಸಬಾಗಕ್ಕೆ ಹೋಗಿ, ಬಂದ ಗಿರಾಕಿಗಳಿಗೆಲ್ಲ ಚಟ್ನಿಯ ಮರ್ಮ ವಿವರಿಸುತ್ತ ಕೂರುತ್ತಾನೆ. ಆ ಅಂಗಡಿಯನ್ನು ಬೆಳಗಾವಿಗೆ ತಂದವನು ನಾನೇ ಆದ್ದರಿಂದ ಯಾರ ಮುಂದೆಯೂ ದೂರುವ ಹಾಗಿಲ್ಲ.

ಕಳೆದ ವಾರ ಕಚೇರಿಯ ಕುಲಕರ್ಣಿಯವರು ನನ್ನ ಟೇಬಲ್ಲಿಗೆ ಬಂದರು. ಮಗಳ ಹುಟ್ಟುಹಬ್ಬಕ್ಕೆ ಎಲ್ಲಿ ಊಟ ಮಾಡಿಸಬೇಕೆಂದು ಕೇಳಲು ಬಂದಿದ್ದಾರೆಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ.

“ಅಲ್ರೀ, ಖಾಸಬಾಗದಾಗ ನಿಮ್ಮ ಷಡ್ಡಕರು ಸಿಕ್ಕಿದ್ರು. ಊಟದ್ದು ಏನ್ ತಿಳಕೊಂಡಾರ್ರೀ ಅವ್ರು! ಅವರ ನಂಬರ್ ಸ್ವಲ್ಪ ಕೊಡ್ರಿ” ಎಂದರು.

ಕೊಡದೆ ಏನು ಮಾಡಲಿ? ಫೋನು ತೆಗೆದು, ಒಂದೊಂದೇ ಅಂಕಿ ನಿಧಾನವಾಗಿ ಓದಿ ಬರೆಸಿದೆ. ಕೊನೆಯದೊಂದನ್ನು ಮಾತ್ರ ತಪ್ಪು ಹೇಳಿದೆ.